ಮೂರು ಸಾವಿರ ಹರದಾರಿ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಆಕಾಶದ ದಾರಿ ಸುಮಾರು 14,000 ಕಿಲೋಮೀಟರ್. ಅದರ ಬಗ್ಗೆ ಯಾರದೂ ತಕರಾರಿಲ್ಲ. ತಕರಾರೆಲ್ಲ ನಮ್ಮ ತಿಳವಳ್ಳಿಯಿಂದ ವಿಮಾನ ಎಲ್ಲಿ ಹತ್ತಬೇಕು ಎಂಬುದರದ್ದು.

ದೊಡ್ಡವ್ವ ಮಗನ ಮನೆಗೆ ಅಮೆರಿಕಕ್ಕೆ ಹೊರಟಿದ್ದಾಳೆಂಬ ಸುದ್ದಿ ಹಬ್ಬಿದ್ದೇ ತಡ, ಕಟ್ಟೆಯ ಮೇಲೆ ಎರಡು ಪಕ್ಷಗಳಾದವು. ಒಂದು ಹಳೆಯ ಹುಬ್ಬಳ್ಳಿ ಪಕ್ಷ. ಇನ್ನೊಂದು, 2023ರ ಫೆಬ್ರುವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಹುಟ್ಟಿಕೊಂಡ ಶಿವಮೊಗ್ಗ ಪಕ್ಷ. ಹಾನಗಲ್ಲ ಮೇಲೆ ಹೋದರೆ ಹತ್ತಿರ ಅಂತ ಹುಬ್ಬಳ್ಳಿಯವರು, ಶಿರಾಳಕೊಪ್ಪದ ಮೇಲೆ ಹೋದರೆ ಅಂತ ಶಿವಮೊಗ್ಗದವರು. ಮೂರನೆಯವನೊಬ್ಬ, "ಎರಡೂ ಬ್ಯಾಡ, ರಾತ್ರಿ ಬಸ್ಸು ಹತ್ತಿಸ್ರಿ, ಮುಂಜಾನೆ ಬೆಂಗಳೂರು" ಅಂದ. ಬಸ್ಸಿನಲ್ಲಿ ನಿದ್ದೆ ಬರುವ ಪುಣ್ಯವಂತ.

ದೊಡ್ಡವ್ವನಿಗೆ ಕಿಲೋಮೀಟರು ಹಿಡಿಸದು. "ಹರದಾರಿ ಲೆಕ್ಕದಾಗ ಹೇಳೋ ತಮ್ಮಾ" ಅಂದಳು. ಮೂರು ಮೈಲಿಗೊಂದು ಹರದಾರಿಯಂತೆ ಭಾಗಿಸಿದರೆ ಹತ್ತಿರ ಹತ್ತಿರ ಮೂರು ಸಾವಿರ. ಅದಕ್ಕೂ ಬೆಚ್ಚಲಿಲ್ಲ. ಅವಳ ಅಸಲಿ ಅಳತೆ ರೊಟ್ಟಿ. ಹುಬ್ಬಳ್ಳಿ ಎರಡು ರೊಟ್ಟಿ ದೂರ, ಬೆಂಗಳೂರು ನಾಲ್ಕು. ಕಟಕ ರೊಟ್ಟಿಯ ಥಪ್ಪಿಯನ್ನು ಬಿಳಿ ಅರಿವೆಯಲ್ಲಿ ಬಿಗಿಯುತ್ತ, "ಮೂರು ಸಾವಿರ ಹರದಾರಿಗೆ ಇಷ್ಟು ಸಾಕೇನು?" ಅಂದಳು.

ಅಟ್ಟದ ಮೇಲಿನ ಕುಂಬಳಕಾಯಿ ಇಳಿಸಿ, ಸುಣ್ಣದಲ್ಲಿ ಎರಡು ಬೊಟ್ಟಿಟ್ಟು, ದಾರ ಎಳೆದು ವಿಮಾನದ ದಾರಿ ತೋರಿಸಿದೆ. ಸ್ಯಾನ್ ಫ್ರಾನ್ಸಿಸ್ಕೋ ಬೆಂಗಳೂರಿನ ಹೆಚ್ಚುಕಡಿಮೆ ಬೆನ್ನಿಗೇ ಇದೆ. ಪಕ್ಕಕ್ಕೆ ಸುತ್ತಿದರೆ ದಾರ ಉದ್ದವಾಗುತ್ತದೆ; ಬಿಗಿದು ಹಿಡಿದರೆ ತೊಟ್ಟಿನ ಹತ್ತಿರಕ್ಕೇ ಜಾರುತ್ತದೆ. ಆ ತೊಟ್ಟೇ ಉತ್ತರ ಧ್ರುವ.

"ಅಂದ್ರ ವಿಮಾನ ಬಡಗಣಕ್ಕ ಹೊಕ್ಕತಿ. ಮತ್ತ ರಾತ್ರಿಪೂರ್ತಿ ನನ್ನ ತೆಂಕಣಕ್ಕ ಯಾಕ ಒಯ್ತೀರಿ?"

ಕಟ್ಟೆಯವರ ಹತ್ತಿರ ಉತ್ತರವಿರಲಿಲ್ಲ. ವಿಮಾನದ ದೂರವನ್ನು ಅಳೆಯುವುದು ನಿಲ್ದಾಣದ ನಡುಮಧ್ಯೆ ಗೊತ್ತುಮಾಡಿದ ಒಂದು ಬಿಂದುವಿನಿಂದ, ಇನ್ನೊಂದು ನಿಲ್ದಾಣದ ಅಂಥದ್ದೇ ಬಿಂದುವಿಗೆ. ತಿಳವಳ್ಳಿ ಬಸ್‌ಸ್ಟ್ಯಾಂಡು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಅರ್ಧ ಭೂಮಿ ದಾಟಲು ಹದಿನಾರು ಹದಿನೇಳು ತಾಸು. ಬೆಂಗಳೂರಿನ ವಿಮಾನ ನಿಲ್ದಾಣವಿರುವ, ನಾನೂರಕ್ಕೂ ಕಡಿಮೆ ಕಿಲೋಮೀಟರಿನ ದೇವನಹಳ್ಳಿ ಮುಟ್ಟಲು, ನಡುವೆ ಚಹಾಕ್ಕೆ ನಿಲ್ಲಿಸಿದ್ದೂ ಸೇರಿ, ಅದರರ್ಧ.

ಧೈರ್ಯ ಬರಲೆಂದು ಏರ್ ಇಂಡಿಯಾದ ಕಥೆ ಹೇಳಿದೆ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ವಿಮಾನ ಎಲ್ಲೂ ಇಳಿಯದೆ, ಉತ್ತರ ಧ್ರುವದ ಮೇಲೆ ಹಾದು, 11ರ ನಸುಕಿಗೆ ಬೆಂಗಳೂರು ಸೇರಿತ್ತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳು. ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಹೆಂಗಸರೇ.

ದೊಡ್ಡವ್ವ ರೊಟ್ಟಿ ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿ, ಕಟ್ಟೆಯ ಕಡೆ ನೋಡಿದಳು.

"ಅದಕ್ಕ ಮುಟ್ಟೈತಿ ತಗೋ. ಇವ್ರು ನಾಕು ಮಂದಿ ಇದ್ದಿದ್ರ ಧ್ರುವದ ಮ್ಯಾಲೆ ನಿಂದ್ರಿಸ್ಕೊಂಡು, ಎಡಕ್ಕೋ ಬಲಕ್ಕೋ ಅಂತ ಇನ್ನೂ ಜಗಳಾಡ್ತಿದ್ರು."