ಕಂಪ್ಯೂಟರಿಗೆ ನೀರು ಬಿಡೋ ಹೊತ್ತು

ಫ್ಯಾನ್ ಹಾಕಿ ತಣ್ಣಗಿಡಬಹುದಾದ ಕಂಪ್ಯೂಟರಿಗೆ ತಲೆಗೆ ನೀರೆರೆಯದಿದ್ದರೆ ಕೆಲವರಿಗೆ ಸಮಾಧಾನವಿಲ್ಲ. ಬೆಂಗಳೂರಿನಲ್ಲಿರುವ ಈ ಪಂಗಡಕ್ಕೆ ನಮ್ಮ ಭಾಮೈದನೂ ಸೇರಿದವನು. ಅಂಗಡಿಯಿಂದ ವಾಟರ್ ಕೂಲರ್ ತಂದು ಕೂರಿಸೋಣ ಅಂದರೆ ಅವನ ಮರ್ಯಾದೆಗೆ ಕಡಿಮೆ. ಅದರಲ್ಲಿ ನೀರು ಮುಚ್ಚಿದ ಪೈಪಿನೊಳಗೇ ಸುತ್ತುತ್ತಾ ಇರುತ್ತೆ, ತಿಂಗಳುಗಟ್ಟಲೆ ಯಾರೂ ಮುಟ್ಟಬೇಕಿಲ್ಲ. ಮುಟ್ಟದೆ ಇರೋದಾದರೆ ಇವನು ಯಾಕೆ ಬೇಕು?

ಅದಕ್ಕೇ ಬಾಲ್ಕನಿಯಲ್ಲಿ ಆಳೆತ್ತರದ ಪಿವಿಸಿ ಪೈಪು ಎದ್ದಿದೆ. ಮೇಲೆ ಬಚ್ಚಲಮನೆಯ ಶವರ್, ಕೆಳಗೆ ಬಕೆಟ್ಟು, ಬಕೆಟ್ಟಿನಲ್ಲಿ ಪಂಪು. ಪ್ರೊಸೆಸರ್ ಮೇಲಿನ ತಾಮ್ರದ ಬಿಲ್ಲೆಯೊಳಗೆ ಹಾದು ಬಿಸಿಯಾದ ನೀರು ಶವರಿನಿಂದ ಹನಿಹನಿಯಾಗಿ ಸುರಿಯುತ್ತೆ, ಫ್ಯಾನು ಎದುರಿನಿಂದ ಗಾಳಿ ಊದುತ್ತೆ. ಒಂದಿಷ್ಟು ನೀರು ಆವಿಯಾಗುತ್ತೆ, ಉಳಿದದ್ದು ಮಡಕೆ ನೀರಿನ ಹಾಗೆ ತಂಪಾಗುತ್ತೆ. ಕಲಬುರಗಿಯ ಒಣ ಏಪ್ರಿಲ್ಲಿನಲ್ಲಿ ಇದರ ಪ್ರತಾಪ ನೋಡಬೇಕು: ಸುತ್ತಲಿನ ಗಾಳಿಗಿಂತ ನೀರೇ ತಣ್ಣಗಿರುತ್ತೆ. ಮಂಗಳೂರಿನಲ್ಲಿ ಗಾಳಿಯೇ ಒದ್ದೆ, ಅಲ್ಲಿ ಇದರ ಆಟ ಅಷ್ಟಾಗಿ ನಡೆಯಲ್ಲ.

ಆದರೆ ಆವಿಯಾದದ್ದು ವಾಪಸ್ ಬರಲ್ಲವಲ್ಲ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2400 ಕಿಲೋಜೂಲ್ ಶಾಖ ಹೊತ್ತೊಯ್ಯುತ್ತೆ. ಕಂಪ್ಯೂಟರ್ 300 ವ್ಯಾಟ್ ಶಾಖ ಬಿಟ್ಟು, ಅಷ್ಟೂ ಆವಿಯ ಜೊತೆಗೇ ಹೋದರೆ ಗಂಟೆಗೆ 450 ಮಿಲಿಲೀಟರ್ ನೀರು ಖರ್ಚು. ರಾತ್ರಿ ಹತ್ತಕ್ಕೆ ಗೇಮ್ ಶುರು ಮಾಡಿ ನಾಲ್ಕರವರೆಗೆ ಗುಂಡು ಹಾರಿಸಿದರೆ 2.7 ಲೀಟರ್! ಆಡಿದವನು ಒಂದು ಲೋಟ ಕುಡಿದಿರಲ್ಲ. ಕಾವೇರಿಯೋ, ತೊರೆಕಾಡನಹಳ್ಳಿಯಿಂದ ಮೂರು ಹಂತದಲ್ಲಿ ಪಂಪಾಗಿ, ಸುಮಾರು 100 ಕಿಲೋಮೀಟರ್ ಬಂದು ಇವನ ಬಕೆಟ್ಟಿಗೆ ಬೀಳಬೇಕು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿತ್ತು. ಪಟ್ಟಿಯಲ್ಲಿ ಕಾರಂಜಿಯೂ ಇತ್ತು. ಬಾಲ್ಕನಿಯಲ್ಲಿರೋದು ಮತ್ತೇನು ಅಂತ ನಾನು ಕೇಳಲಿಲ್ಲ, ನಮ್ಮವಳ ತಮ್ಮ.

ನಡುರಾತ್ರಿ ಎದ್ದು ಚೊಂಬಲ್ಲಿ ನೀರು ಸುರಿಯೋರು ಯಾರು? ಓವರ್‌ಹೆಡ್ ಟ್ಯಾಂಕಿನಿಂದ ಪೈಪು ಎಳೆದು ಬಕೆಟ್ಟಿಗೆ ಬಾಲ್ ಕಾಕ್ ಕೂರಿಸಲು ಹೊರಟ. “ಆಟೊಮೇಷನ್, ಭಾವ!” ಅಂದ. ಅಪ್ಪಾ, ಕ್ರಿ.ಪೂ. 3ನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸ್ ನೀರಿನ ಗಡಿಯಾರದಲ್ಲಿ ಮಟ್ಟ ಕಾಯೋಕೆ ತೇಲುಗುಂಡನ್ನು ನೇಮಿಸಿದ್ದ. ನಮ್ಮ ಫ್ಲಷ್ ಟ್ಯಾಂಕಿನಲ್ಲೂ ಅದೇ ಕೂತಿದೆ, ಅದಕ್ಕೆ ಮಾತ್ರ ಯಾರೂ ಆಟೊಮೇಷನ್ ಅಂತ ಮರ್ಯಾದೆ ಕೊಡಲ್ಲ.

ಬಾಲ್ ಕಾಕಿಗೆ ಗೊತ್ತಿರೋದು ಒಂದೇ: ಮಟ್ಟ ಇಳೀತಾ, ನೀರು ಬಿಡು. ನೀರು ಆವಿಯಾಗಿ ಹೋಯ್ತೋ, ಪೈಪು ಕಳಚಿ ಮದರ್‌ಬೋರ್ಡ್ ಮೇಲೆ ಹರೀತೋ, ಅದು ಕೇಳಲ್ಲ. ಸಾವಿರ ಲೀಟರ್ ಟ್ಯಾಂಕು ಖಾಲಿಯಾಗೋವರೆಗೂ ನಿಷ್ಠೆಯಿಂದ ತುಂಬಿಸುತ್ತೆ. ಕೈಯಲ್ಲಿ ಸುರಿಯೋನಾದರೆ “ಇವತ್ತೇನು ಇಷ್ಟು ಬೇಗ?” ಅಂತ ಅನುಮಾನವಾದರೂ ಪಡುತ್ತಾನೆ. ಇನ್ನು ಬೋರ್‌ವೆಲ್ ನೀರಾದರೆ ಆವಿ ಹೋಗಿ ಉಪ್ಪು, ಸುಣ್ಣವೆಲ್ಲ ಬಕೆಟ್ಟಿನಲ್ಲೇ ಉಳೀತು. ತುಂಬಿಸಿದಷ್ಟೂ ಗಡಸು, ಶವರಿನ ತೂತಿನ ಸುತ್ತ ಬಿಳಿ ಚಕ್ಕೆ. ಕಾರ್ಖಾನೆಯ ಕೂಲಿಂಗ್ ಟವರ್‌ಗಳಲ್ಲಿ ಆಗಾಗ ಹಳೇ ನೀರು ಹೊರಗೆ ಬಿಡೋದು ಇದಕ್ಕೇ.

ಕೋಳಿ ಸಾಕುವವರ ಉಪಾಯ ಹೇಳಿಕೊಟ್ಟೆ. ಎರಡು ಲೀಟರ್ ಬಾಟಲಿ ತುಂಬಿಸಿ, ತಲೆಕೆಳಗು ಮಾಡಿ, ಬಾಯಿ ಬಕೆಟ್ಟಿನ ನೀರಲ್ಲಿ ಮುಳುಗುವಂತೆ ಕಟ್ಟು. ಮಟ್ಟ ಬಾಯಿಗಿಂತ ಕೆಳಗಿಳಿದರೆ ಗಾಳಿ ಗುಳುಗುಳು ಅಂತ ಒಳಗೆ ನುಗ್ಗುತ್ತೆ, ಅಷ್ಟು ನೀರು ಇಳಿಯುತ್ತೆ, ಬಾಯಿ ಮತ್ತೆ ಮುಚ್ಚಿದರೆ ನಿಂತಿತು. ಕರೆಂಟು ಬೇಡ, ವಾಲ್ವು ಬೇಡ. ಪೈಪು ಕಳಚಿದರೂ ಬಾಟಲಿ ಕೊಡೋದು ಎರಡೇ ಲೀಟರ್. ನಾವು ಒರೆಸಬಲ್ಲಷ್ಟೇ ನೀರನ್ನು ಯಂತ್ರದ ಕೈಗೆ ಕೊಡಬೇಕು.

“ಆದರೆ ಎರಡೂವರೆಗೆಲ್ಲ ಖಾಲಿಯಾಗುತ್ತಲ್ಲ, ಭಾವ?” ಅಂದ. ಆಗ ಮಲಗಿಕೋ ಅಂದೆ.

ಅದು ಅವನಿಗೆ ಹಿಡಿಸಲಿಲ್ಲ. ಬಾಟಲಿ ಖಾಲಿಯಾದ ತಕ್ಷಣ ಫೋನಿಗೆ ಮೆಸೇಜ್ ಹೋಗುವಂತೆ ಸೆನ್ಸರ್ ತರಿಸಿದ್ದಾನೆ. ಯಾರ ಫೋನಿಗೆ ಅಂತ ಕೇಳಿದೆ.

“ಅಕ್ಕಂದಕ್ಕೆ” ಅಂದ.