ಬಯಲು ಫ್ಲ್ಯಾಶ್ ಮೀಮಾಂಸೆ

ಮದುವೆಗೆ ಮುಂಚಿನ ಫೋಟೊ ಶೂಟ್ ನಮ್ಮಲ್ಲಿ ಹದಿನೇಳನೆಯ ಸಂಸ್ಕಾರವಾಗಿ ನೆಲೆಗೊಂಡಿದೆ. ಉಳಿದ ಹದಿನಾರಕ್ಕೆ ವಿಧಿನಿಷೇಧಗಳನ್ನು ಹೇಳಿದ ಪೂರ್ವಿಕರು ಇದರ ಬಗ್ಗೆ ಮಾತ್ರ ಮೌನ ತಾಳಿದ್ದಾರೆ. ಆ ಕೊರತೆಯನ್ನು ನೀಗಲೆಂದೇ ಈ ಕಿರುಪ್ರಕರಣ.

ಸಮಸ್ಯಾ ನಿರೂಪಣೆ

ಜೋಡಿಗೆ ತಮ್ಮ ಮುಖವೂ ಬೇಕು, ಹಿಂದಿರುವ ಹಂಪಿಯೂ ಬೇಕು. ಕಣ್ಣಿಗೆ ಎರಡೂ ಒಟ್ಟಿಗೆ ಕಾಣುತ್ತವೆ. ಕ್ಯಾಮೆರಾಕ್ಕೆ ಅಷ್ಟು ಔದಾರ್ಯವಿಲ್ಲ. ಮುಖಕ್ಕೆ ಹೊಂದಿಸಿದರೆ ಆಕಾಶ ಸುಟ್ಟು ಬೆಳ್ಳಗಾಗುತ್ತದೆ. ಇದು ‘ಶ್ವೇತಾಕಾಶ ದೋಷ’. ಆಕಾಶಕ್ಕೆ ಹೊಂದಿಸಿದರೆ ವಧು ಮಸಿಯಾಗುತ್ತಾಳೆ. ಇದು ‘ಮಸಿಮುಖ ದೋಷ’. ಮೊದಲನೆಯದಕ್ಕೆ ಕ್ಷಮೆಯುಂಟು. ಎರಡನೆಯದಕ್ಕೆ ಬಾಕಿ ಹಣ ಬರುವುದಿಲ್ಲ.

ಮೂಲಸೂತ್ರ

ಷಟರ್ ಹಿನ್ನೆಲೆಗೆ, ಫ್ಲ್ಯಾಶಿನ ಶಕ್ತಿ ಮುಖಕ್ಕೆ, ಅಪರ್ಚರ್ ಎರಡಕ್ಕೂ.

ಭಾಷ್ಯ: ಫ್ಲ್ಯಾಶ್ ಮಿಂಚಿ ಆರುವುದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ. ಆಮೇಲೂ ಷಟರ್ ತೆರೆದಿದ್ದರೆ ಅದು ಒಳಗೆ ಬಿಟ್ಟುಕೊಳ್ಳುವುದು ಸೂರ್ಯನ ಬೆಳಕನ್ನಷ್ಟೇ. ಆದ್ದರಿಂದ ಷಟರನ್ನು 1/60ರಿಂದ 1/200ಕ್ಕೆ ಏರಿಸಿದರೆ ಆಕಾಶ ಕಂದುತ್ತದೆ, ಫ್ಲ್ಯಾಶ್ ಬಿದ್ದ ಮುಖ ಕಂದುವುದಿಲ್ಲ.

ನಿಷೇಧ: ಬಹುಪಾಲು ಕ್ಯಾಮೆರಾಗಳಲ್ಲಿ 1/200 ಅಥವಾ 1/250 ಸೆಕೆಂಡಿನ ಆಚೆಗೆ ಷಟರಿನ ಮೊದಲ ಪರದೆ ಪೂರ್ತಿ ಸರಿಯುವ ಮುನ್ನವೇ ಎರಡನೆಯದು ಹೊರಟುಬಿಡುತ್ತದೆ, ಚಿತ್ರದ ಅಂಚಿಗೆ ಕಪ್ಪು ಪಟ್ಟಿ ಬೀಳುತ್ತದೆ. ಅದು ದೃಷ್ಟಿಬೊಟ್ಟು ಎಂಬ ವ್ಯಾಖ್ಯಾನವನ್ನು ಶಾಸ್ತ್ರ ಒಪ್ಪುವುದಿಲ್ಲ. ಹೈಸ್ಪೀಡ್ ಸಿಂಕ್ ಎಂಬ ಪರಿಹಾರವಿದೆ. ಅದರಲ್ಲಿ ಫ್ಲ್ಯಾಶ್ ಒಮ್ಮೆಗೇ ಸಿಡಿಯದೆ ಸಣ್ಣಸಣ್ಣ ಮಿಂಚುಗಳಾಗಿ ಒಡೆಯುತ್ತದೆ, ಹಾಗಾಗಿ ಬಹಳಷ್ಟು ಶಕ್ತಿ ಕಳೆದುಕೊಳ್ಳುತ್ತದೆ.

ಸೂರ್ಯಭೇದ

ಸೂರ್ಯ ನಾಲ್ಕು ವಿಧ.

1. ಉಗ್ರಸೂರ್ಯ. ಹಂಪಿಯ ಬಂಡೆಗಳ ನಡುವೆ ಮಧ್ಯಾಹ್ನ ಲಭ್ಯ. ಬೆಳಿಗ್ಗೆ ಆರಕ್ಕೆ ಬರಬೇಕಾದ ವರ ಹನ್ನೊಂದಕ್ಕೆ ಬರುವುದೇ ಇವನ ಉದಯಕ್ಕೆ ಕಾರಣ. ಲೆಕ್ಕ ಹೀಗಿದೆ: ಐಎಸ್‌ಒ 100, ಷಟರ್ 1/200, ಅಪರ್ಚರ್ ಎಫ್/11. ಗೈಡ್ ನಂಬರ್ (ದೂರ ಮತ್ತು ಎಫ್ ಸಂಖ್ಯೆಗಳ ಗುಣಲಬ್ಧ) 40 ಮೀಟರ್ ಇರುವ ಫ್ಲ್ಯಾಶ್ ಪೂರ್ಣ ಶಕ್ತಿಯಲ್ಲಿ ಇವನಿಗೆ ಸರಿಸಮನಾಗಿ ನಿಲ್ಲುವುದು ಸುಮಾರು ಮೂರೂವರೆ ಮೀಟರ್ ದೂರದಲ್ಲಿ. ಬೆಳಕು ಮೆತ್ತಗಿರಲೆಂದು ಸಾಫ್ಟ್‌ಬಾಕ್ಸ್ ತೊಡಿಸಿ ಎರಡು ಸ್ಟಾಪ್, ಅಂದರೆ ಮುಕ್ಕಾಲು ಪಾಲು ಬೆಳಕು, ಕಳೆದುಕೊಂಡರೆ ದೂರವೂ ಅರ್ಧವಾಗುತ್ತದೆ. ಲೈಟ್ ಬಾಯ್‌ನ ಮೊಣಕೈ ಫ್ರೇಮಿನೊಳಗೆ ಬರುತ್ತದೆ. ಜಾಣರು ಇವನೊಡನೆ ಸೆಣಸುವುದಿಲ್ಲ. ಜೋಡಿಯ ಬೆನ್ನನ್ನು ಇವನಿಗೆ ಒಪ್ಪಿಸಿ, ಇವನಿಗಿಂತ ಒಂದೆರಡು ಸ್ಟಾಪ್ ಕಡಿಮೆ ಫ್ಲ್ಯಾಶಿನಿಂದ ಮುಖದ ನೆರಳನ್ನಷ್ಟೇ ತುಂಬುತ್ತಾರೆ.

2. ಅಸ್ತಸೂರ್ಯ. ಮರವಂತೆಯ ಕಡಲಲ್ಲಿ ಮುಳುಗುವವನು. ಫ್ಲ್ಯಾಶಿನ ಬಣ್ಣ ಸುಮಾರು 5500 ಕೆಲ್ವಿನ್, ಇವನದು ಅದಕ್ಕಿಂತ ಎಷ್ಟೋ ಕೆಂಪು. ಬರಿಯ ಫ್ಲ್ಯಾಶ್ ಹೊಡೆದರೆ ಕಡಲು ಕಿತ್ತಳೆ, ವಧು ಟ್ಯೂಬ್‌ಲೈಟ್. ಫ್ಲ್ಯಾಶಿನ ಮೂತಿಗೆ ಕಿತ್ತಳೆ ಜೆಲ್ ಹಚ್ಚುವುದೇ ಪ್ರಾಯಶ್ಚಿತ್ತ. ಆಕಾಶ ಕ್ಷಣಕ್ಷಣಕ್ಕೂ ಕಪ್ಪಾಗುವಾಗ ಷಟರನ್ನು ನಿಧಾನ ಮಾಡುತ್ತ ಹೋಗಬೇಕು. ಫ್ಲ್ಯಾಶಿನ ಶಕ್ತಿಯನ್ನು ಮುಟ್ಟಬಾರದು.

3. ಮೇಘಸೂರ್ಯ. ಮಲೆನಾಡಿನ ಮಳೆಗಾಲದವನು. ಬೆಳಕು ಮೆತ್ತಗಿರುತ್ತದೆ, ಆದರೆ ನೇರ ಮೇಲಿನಿಂದ ಇಳಿಯುವುದರಿಂದ ಕಣ್ಣುಗುಳಿಗಳು ನಿದ್ದೆಗೆಟ್ಟಂತೆ ಕಾಣುತ್ತವೆ. ಮುಂದಿನಿಂದ ಒಂದಿಷ್ಟೇ ಫ್ಲ್ಯಾಶ್ ಸಾಕು. ಇಲ್ಲಿ ಕೊಡೆಯೂ ಎರಡು ವಿಧ: ಬೆಳಕನ್ನು ಹರಡುವ ಕೊಡೆ, ಫ್ಲ್ಯಾಶನ್ನು ಮಳೆಯಿಂದ ಕಾಯುವ ಕೊಡೆ. ಲೈಟ್ ಬಾಯ್‌ಗೆ ಮೂರನೆಯದನ್ನು ಯಾವ ಆಚಾರ್ಯರೂ ವಿಧಿಸಿಲ್ಲ.

4. ಲುಪ್ತಸೂರ್ಯ. ನಂದಿಬೆಟ್ಟದ ಬೆಳಗಿನ ಮಂಜಿನಲ್ಲಿ ಅಡಗಿರುವವನು. ಕ್ಯಾಮೆರಾದ ತಲೆಯ ಮೇಲಿನ ಫ್ಲ್ಯಾಶ್ ಇಲ್ಲಿ ಮೊದಲು ಬೆಳಗುವುದು ನಡುವಿನ ಮಂಜಿನ ಹನಿಗಳನ್ನು. ಅದನ್ನು ಬಿಚ್ಚಿ ಪಕ್ಕಕ್ಕೊಯ್ದು ಹಿಡಿಯತಕ್ಕದ್ದು.

ಛಾಯಾಗ್ರಾಹಕಭೇದ

ನಿರ್ದೀಪರು: ಸಹಜ ಬೆಳಕೊಂದೇ ಸತ್ಯ ಎನ್ನುವವರು. ಇವರಲ್ಲಿ ನಂಬಿ ಹೀಗೆನ್ನುವವರೂ ಫ್ಲ್ಯಾಶ್ ಬಳಸಲು ಬಾರದೆ ಹೀಗೆನ್ನುವವರೂ ಇದ್ದು, ಹೊರಗಿನಿಂದ ಬೇರ್ಪಡಿಸುವುದು ದುಸ್ಸಾಧ್ಯ. ಥರ್ಮೋಕೋಲ್ ಹಲಗೆಯಿಂದ ಬಿಸಿಲನ್ನು ಮುಖಕ್ಕೆ ತಿರುಗಿಸುವ ಉಪಪಂಥವೊಂದುಂಟು. ಇವರ ಆಲ್ಬಮ್ಮಿನಲ್ಲಿ ವಧು ತವರು ಬಿಡುವ ಮೊದಲೇ ಕಣ್ಣೀರಿಡುತ್ತಾಳೆ.

ಅತಿದೀಪರು: ಹಿನ್ನೆಲೆಯನ್ನು ಮೂರು ಸ್ಟಾಪ್ ಕತ್ತಲಿಗೆ ತಳ್ಳಿ ಜೋಡಿಯನ್ನು ಧಗಧಗ ಬೆಳಗುವವರು. ಇದರಿಂದ ಹುಟ್ಟುವುದು ‘ಪರದೆ ದೋಷ’. ಅಜ್ಜ ಅಜ್ಜಿ ಊರಿನ ಸ್ಟುಡಿಯೋದಲ್ಲಿ ಬಣ್ಣದ ಪರದೆಯ ಮುಂದೆ ನಿಂತು ಅರಮನೆಗೆ ಹೋದವರಂತೆ ಕಂಡರು. ಮೊಮ್ಮಗಳು ಕಾರು ಮಾಡಿಕೊಂಡು ಹಂಪಿಗೇ ಹೋಗಿ ಪರದೆಯ ಮುಂದೆ ನಿಂತಂತೆ ಕಂಡಳು.

ಸಮದೀಪರು: ಆಕಾಶವನ್ನು ಒಂದು ಸ್ಟಾಪಿನಷ್ಟು ಇಳಿಸಿ, ಮುಖಕ್ಕೆ ಬೇಕಾದಷ್ಟೇ ಬೆಳಕನ್ನು ಓರೆಯಿಂದ ಕೊಡುವವರು. ಇವರ ಚಿತ್ರ ಕಂಡ ನೆಂಟರು ‘ಅವತ್ತು ಬಿಸಿಲು ಎಷ್ಟು ಚೆನ್ನಾಗಿತ್ತಲ್ಲ!’ ಎನ್ನುತ್ತಾರೆ. ದುಡಿಮೆ ಇವರದು, ಕೀರ್ತಿ ಸೂರ್ಯನದು. ಈ ಪಂಥಕ್ಕೆ ಅನುಯಾಯಿಗಳು ಕಡಿಮೆಯಿರುವುದು ಅದಕ್ಕೇ.

ಪೂರ್ವಪಕ್ಷ, ಸಿದ್ಧಾಂತ

ಮೊಬೈಲ್‌ವಾದಿಗಳ ಆಕ್ಷೇಪ: ‘ನಮ್ಮ ಫೋನು ಹಲವು ಎಕ್ಸ್‌ಪೋಷರ್‌ಗಳನ್ನು ಹೆಣೆದು ಆಕಾಶವನ್ನೂ ಮುಖವನ್ನೂ ಉಳಿಸುತ್ತದೆ. ಫ್ಲ್ಯಾಶ್ ಯಾಕೆ?’ ಸಮಾಧಾನ: ಫೋನು ಇದ್ದ ಬೆಳಕನ್ನು ಹಂಚಬಲ್ಲದು, ಇಲ್ಲದ ದಿಕ್ಕಿನಿಂದ ಬೆಳಕನ್ನು ತರಲಾರದು. ಕಣ್ಣುಗುಳಿಯ ನೆರಳನ್ನು ತಿಳಿಗೊಳಿಸೀತು. ಕಣ್ಣಲ್ಲಿ ಹೊಳಪಿನ ಚುಕ್ಕೆ ಇಡಲು ಎದುರಿಗೊಂದು ದೀಪವೇ ಬೇಕು. ಇಷ್ಟಾದರೂ ಜೋಡಿ ಸ್ಟೇಟಸ್‌ಗೆ ಹಾಕುವುದು ತಂಗಿ ಮೊಬೈಲಿನಲ್ಲಿ ತೆಗೆದದ್ದನ್ನೇ. ಅದು ಲೋಕಾಚಾರ, ಶಾಸ್ತ್ರದ ವ್ಯಾಪ್ತಿಗೆ ಬಾರದು.

ಫಲಶ್ರುತಿ

ಈ ಪ್ರಕರಣವನ್ನು ಶ್ರದ್ಧೆಯಿಂದ ಓದಿದವರಿಗೆ ನೀಲಾಕಾಶ ಪ್ರಾಪ್ತಿ. ಓದಿ ಅಭ್ಯಾಸ ಮಾಡಿದವರಿಗೆ ಮಸಿಮುಖ ನಿವಾರಣೆ. ಅಡ್ವಾನ್ಸ್ ಪಡೆದು ಓದಿದವರಿಗೆ ಸಕಲ ಸಿದ್ಧಿ. ಬ್ಯಾಟರಿ ಚಾರ್ಜ್ ಮಾಡದೆ ಬೆಟ್ಟ ಹತ್ತಿದವರು ಅಂದಿನ ಮಟ್ಟಿಗೆ ನಿರ್ದೀಪರ ಪಂಥಕ್ಕೆ ಸೇರತಕ್ಕದ್ದು.