ಇಡ್ಲಿಮಾನ ಮೀಮಾಂಸೆ

ಒಂದು ಕಿಲೋಗ್ರಾಂ ಎಂದರೆ ಎಷ್ಟು ಎಂಬ ಪ್ರಶ್ನೆಗೆ ಮನುಷ್ಯಕುಲ ಬಹಳ ತಲೆ ಕೆಡಿಸಿಕೊಂಡಿದೆ. 1889ರಿಂದ ಪ್ಯಾರಿಸ್ಸಿನ ಬಳಿ ಪ್ಲಾಟಿನಂ-ಇರಿಡಿಯಮ್ಮಿನ ಒಂದು ಉರುಳೆಯನ್ನು ಬೀಗಮುದ್ರೆಯಲ್ಲಿಟ್ಟು ಕಾಪಾಡಿದರು. ಅದೂ ಸಾಲದೆಂದು 2019ರಲ್ಲಿ ಪ್ಲಾಂಕ್ ಸ್ಥಿರಾಂಕದ ಆಧಾರದ ಮೇಲೆ ಹೊಸ ವ್ಯಾಖ್ಯೆ ಕೊಟ್ಟರು. ಆದರೆ ಒಂದು ಇಡ್ಲಿ ಎಂದರೆ ಎಷ್ಟು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ವಿದ್ವಲ್ಲೋಕದ ಈ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಈ ಕಾರ್ಯಕ್ಕೆ ಪ್ರಬಂಧಕರ್ತ್ರಿಗಿರುವ ಅರ್ಹತೆ ಒಂದೇ: ಆಕೆಗೆ ಟೈಪ್ ಒನ್ ಮಧುಮೇಹವಿದೆ. ಪ್ರಯೋಗಶಾಲೆ, ಪ್ರಯೋಗದ ಇಲಿ, ಫಲಿತಾಂಶ ಬರೆದುಕೊಳ್ಳುವ ಗುಮಾಸ್ತೆ, ಮೂರೂ ಅವಳೇ.

ವಿಷಯಕ್ಕಿಳಿಯುವ ಮುನ್ನ ಒಂದಿಷ್ಟು ಶರೀರಶಾಸ್ತ್ರ. ಜಠರದ ಹಿಂದೆ ಮೇದೋಜೀರಕ ಗ್ರಂಥಿ. ಅದರೊಳಗೆ, 1869ರಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಪೌಲ್ ಲ್ಯಾಂಗರ್‌ಹಾನ್ಸ್ ಗುರುತಿಸಿದ ಪುಟ್ಟ ಪುಟ್ಟ ಕೋಶದ್ವೀಪಗಳು. ಅಲ್ಲಿನ ಬೀಟಾ ಕೋಶಗಳು ಇನ್ಸುಲಿನ್ ತಯಾರಿಸುತ್ತವೆ. ಟೈಪ್ ಒನ್‌ನಲ್ಲಿ ದೇಹದ ಕಾವಲುಗಾರರೇ ಈ ಕೋಶಗಳನ್ನು ಹೊರಗಿನವರೆಂದು ತಿಳಿದು ಮುಗಿಸಿಬಿಡುತ್ತಾರೆ. ಆಮೇಲೆ ಅವು ಸದ್ದಿಲ್ಲದೆ ಮಾಡುತ್ತಿದ್ದ ಲೆಕ್ಕವನ್ನೆಲ್ಲ ಮಧುಮೇಹಿಯೇ ಮಾಡಬೇಕು: ತಟ್ಟೆಯಲ್ಲಿ ಪಿಷ್ಟವೆಷ್ಟು, ಅದಕ್ಕೆ ಇನ್ಸುಲಿನ್ ಎಷ್ಟು. ಹಲವು ವಯಸ್ಕರಲ್ಲಿ ಒಂದು ಯೂನಿಟ್ ಸುಮಾರು 10ರಿಂದ 15 ಗ್ರಾಂ ಪಿಷ್ಟವನ್ನು ನಿಭಾಯಿಸುತ್ತದೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದದು. ಬೆಳಗಿನ ಲೆಕ್ಕ ಅದೇ ವ್ಯಕ್ತಿಯ ಸಂಜೆಗೂ ಹೊಂದದು. ಕಡಿಮೆ ಚುಚ್ಚಿಕೊಂಡರೆ ಶುಗರ್ ಏರುತ್ತದೆ, ಹೆಚ್ಚು ಚುಚ್ಚಿಕೊಂಡರೆ ಇಳಿಯುತ್ತದೆ, ಸರಿಯಾಗಿ ಚುಚ್ಚಿಕೊಂಡರೆ ಇವೆರಡರಲ್ಲಿ ಒಂದಾಗುತ್ತದೆ.

ಈಗ ಇಡ್ಲಿ. ಒಂದು ಇಡ್ಲಿಗೆ ಸುಮಾರು 10 ಗ್ರಾಂ ಪಿಷ್ಟ ಎಂದು ಹಿಡಿಯುವುದು ವಾಡಿಕೆ. ಯಾವ ಇಡ್ಲಿಗೆ ಎಂದು ಕೇಳುವುದು ವಾಡಿಕೆಯಲ್ಲ. ನಮ್ಮತ್ತೆಯ ತವರಿನಿಂದ ಬಂದ ಅಲ್ಯುಮಿನಿಯಂ ತಟ್ಟೆಯ ಗುಳಿಗೂ ಹೊಸ ಸ್ಟೀಲ್ ತಟ್ಟೆಯ ಗುಳಿಗೂ ಆಳದಲ್ಲಿ ಒಂದು ತಲೆಮಾರಿನ ಅಂತರವಿದೆ. ಹಿಟ್ಟು ಚೆನ್ನಾಗಿ ಹುಳಿ ಬಂದ ದಿನ ಇಡ್ಲಿ ಉಬ್ಬಿ ಎತ್ತರವಾಗುತ್ತದೆ, ಒಳಗೆ ಹೆಚ್ಚೇನೂ ಇರುವುದಿಲ್ಲ. ಚಳಿಗೆ ಹುಳಿ ಬಾರದ ದಿನ ಚಪ್ಪಟೆಯಾಗಿ ಕೂತಿರುತ್ತದೆ, ಎತ್ತಿದರೆ ಭಾರ. ಮಂಗಳೂರಿನ ಕಡೆ ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬಿನ ಗಾತ್ರ ಎಲೆ ಕೊಟ್ಟ ಮರದ ಕೃಪೆ. ಬಿಡದಿಗೋ ಕ್ಯಾತ್ಸಂದ್ರಕ್ಕೋ ಹೋಗಿ ತಟ್ಟೆ ಇಡ್ಲಿಯ ಮುಂದೆ ಕೂತು ‘ಒಂದೇ ಒಂದು ಇಡ್ಲಿ ತಿಂದೆ’ ಎಂದು ಡಾಕ್ಟರಿಗೆ ಹೇಳಿದರೆ ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಇನ್ನು ಅದನ್ನು ಮುಳುಗಿಸುವ ಬೆಂಗಳೂರಿನ ಸಾಂಬಾರಿನಲ್ಲಿ ಎಷ್ಟು ಬೆಲ್ಲವಿದೆ ಎಂಬುದು ಹೋಟೆಲಿನ ವ್ಯಾಪಾರ ರಹಸ್ಯ.

ಅಡುಗೆಮನೆಯ ಮೂಲಪಾಠಗಳನ್ನೇ ಪರಿಶೀಲಿಸೋಣವೆಂದರೆ ಅಲ್ಲಿ ಬೇರೆ ತೊಡಕು. “ಅತ್ತೆ, ಪಾಯಸಕ್ಕೆ ಬೆಲ್ಲ ಎಷ್ಟು ಹಾಕಿದ್ರಿ?” “ಎಷ್ಟು ಹಿಡಿಯತ್ತೋ ಅಷ್ಟು ಹಾಕಿದೀನಿ ಕಣೇ.” ಪ್ರಬಂಧಕರ್ತ್ರಿ ಒಂದು ಡಿಜಿಟಲ್ ತಕ್ಕಡಿ ತಂದು ಊಟದ ಮೇಜಿನ ಮೇಲಿಟ್ಟಳು. ಅತ್ತೆ ಅದನ್ನು ಸ್ವಲ್ಪ ಹೊತ್ತು ನೋಡಿ ಹೇಳಿದ್ದಿಷ್ಟೆ: “ತೂಕ ಹಾಕಿ ಬಡಿಸೋಕೆ ಇದೇನು ರೇಷನ್ ಅಂಗಡೀನಾ?” ಅಂದಿನಿಂದ ತಕ್ಕಡಿ ತರಕಾರಿಯವನ ಜೊತೆಗಿನ ಜಗಳಕ್ಕೆ ಮಾತ್ರ ಬಳಕೆಯಾಗುತ್ತಿದೆ.

ಬಂಧುಗಳ ಮನೆಗಳಲ್ಲಿ ನಡೆಸಿದ ಕ್ಷೇತ್ರಕಾರ್ಯದಿಂದ ತಿಳಿದುಬಂದ ಮಾನಗಳು ಹೀಗಿವೆ. ‘ಒಂಚೂರು’ ಎಂದರೆ ಒಂದು ಸೌಟು. ‘ಒಂದೇ ಒಂಚೂರು’ ಎಂದರೆ ಒಂದು ಸೌಟು ಮತ್ತು ಅದರ ಮೇಲೊಂದು ನಗು. ‘ಸಾಕು’ ಎಂದು ಒಮ್ಮೆ ಹೇಳಿದರೆ ಗಣನೆಗೆ ಬರುವುದಿಲ್ಲ. ಎರಡು ಸಲ ಹೇಳಿದರೆ ಅರ್ಧ ಸೌಟು. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಮೇಲೆ ಬೀಳುತ್ತದೆ. ‘ಬೇಡ’ ಎಂಬುದನ್ನು ಈವರೆಗೆ ವ್ಯವಕಲನವೆಂದು ತಿಳಿಯಲಾಗಿತ್ತು, ಅದು ಗುಣಾಕಾರ. ಅಂಗಡಿಯವರ ತಕ್ಕಡಿಗೆ ಮುದ್ರೆ ಒತ್ತುವ ಕಾನೂನು ಮಾಪನಶಾಸ್ತ್ರ ಇಲಾಖೆ ಅಡುಗೆ ಭಟ್ಟರ ಸೌಟಿನ ಬಗ್ಗೆ ಏಕೆ ಮೌನವಾಗಿದೆ ಎಂಬುದು ಪ್ರತ್ಯೇಕ ಸಂಶೋಧನೆಗೆ ತಕ್ಕ ವಿಷಯ.

ಉಪಕರಣಗಳ ವಿಚಾರ. ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ, ಒಂದು ಹನಿ ರಕ್ತವನ್ನು ಸ್ಟ್ರಿಪ್ಪಿಗೆ ತಾಗಿಸಿದರೆ ಮೀಟರು ಸಂಖ್ಯೆ ಹೇಳುತ್ತದೆ. ಹಲಸಿನ ತೊಳೆ ಬಿಡಿಸಿ ಕೈ ತೊಳೆಯದೆ ಚುಚ್ಚಿಕೊಂಡರೆ ಅದು ಹೇಳುವುದು ಹಲಸಿನ ಶುಗರ್. ತೋಳಿಗಂಟಿಸುವ ಸೆನ್ಸರ್ ಇನ್ನೂ ಆಧುನಿಕ. ಅದು ನೋಡುವುದು ಕೋಶಗಳ ನಡುವಿನ ದ್ರವವನ್ನಾದ್ದರಿಂದ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿನ ಸುದ್ದಿ ಓದುತ್ತದೆ, ಮತ್ತು ಆ ತೋಳಿನ ಮೇಲೇ ಮಲಗಿಬಿಟ್ಟರೆ ಇಲ್ಲದ ಲೋ ಶುಗರ್ ಒಂದನ್ನು ಕಂಡು ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ. ಸಿರಿಂಜಿನ ವಿಚಾರದಲ್ಲಿ ಮಾತ್ರ ಪ್ರಬಂಧಕರ್ತ್ರಿ ನಗುವುದಿಲ್ಲ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಬಹುಮಟ್ಟಿಗೆ ಮಿಲಿಲೀಟರಿಗೆ 40 ಯೂನಿಟ್, ಇನ್ಸುಲಿನ್ ಪೆನ್ನಿನದು 100. ಕೆಂಪು ಟೋಪಿಯ ಸಿರಿಂಜು ಮೊದಲನೆಯದಕ್ಕೆ, ಕಿತ್ತಳೆ ಟೋಪಿಯದು ಎರಡನೆಯದಕ್ಕೆ. 100ರ ಔಷಧವನ್ನು ಕೆಂಪು ಟೋಪಿಯದರಲ್ಲಿ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ.

ಲೋ ಎಂಬುದು 70ರ ಕೆಳಗಿನ ಲೋಕ. ಶಾಸ್ತ್ರವಿಧಿ ಸರಳ: 15 ಗ್ರಾಂ, ಅಂದರೆ ಸುಮಾರು ಮೂರು ಚಮಚ ಸಕ್ಕರೆ ತಿನ್ನು, 15 ನಿಮಿಷ ಕಾಯು, ಮತ್ತೆ ನೋಡು. ಈ ವಿಧಿಯನ್ನು ಬರೆದವರು ಹಗಲು ಹೊತ್ತಿನಲ್ಲಿ, ಮೇಜಿನ ಮುಂದೆ ಕೂತು ಬರೆದಿರಬೇಕು. ರಾತ್ರಿ ಮೂರು ಗಂಟೆಗೆ ಬೆವರಿ, ಕೈ ನಡುಗುತ್ತಾ ಅಡುಗೆಮನೆಯ ದೀಪ ಹಾಕಿದವರಿಗೆ ಗ್ರಾಮುಗಳು ಕಾಣುವುದಿಲ್ಲ. ಮೂರು ಚಮಚ ಸಕ್ಕರೆಯ ಹಿಂದೆ ಬಾಳೆಹಣ್ಣು ಹೋಗುತ್ತದೆ, ಅದರ ಹಿಂದೆ ಕೊಬ್ಬರಿ ಮಿಠಾಯಿ, ಡಬ್ಬಿಯ ತಳದ ಚಕ್ಕುಲಿ ಚೂರು, ಹಬ್ಬಕ್ಕೆಂದು ಬಚ್ಚಿಟ್ಟಿದ್ದ ಇನ್ನೇನೋ. ಆ 15 ನಿಮಿಷ ಕಳೆಯುವುದೇ ಇಲ್ಲ. ಬೆಳಗ್ಗೆ ಮೀಟರು 290 ತೋರಿಸುತ್ತದೆ. ಅದನ್ನಿಳಿಸಲು ಇನ್ಸುಲಿನ್, ಮಧ್ಯಾಹ್ನಕ್ಕೆ ಮತ್ತೆ ಲೋ. ಮೂರು ತಿಂಗಳಿಗೊಮ್ಮೆ ಇವೆಲ್ಲವನ್ನೂ ಎಚ್‌ಬಿಎ1ಸಿ ಎಂಬ ಪರೀಕ್ಷೆ ಒಂದೇ ಸಂಖ್ಯೆಯಾಗಿ ಕುದಿಸಿ ಇಳಿಸುತ್ತದೆ. 50 ಮತ್ತು 250ರ ನಡುವೆ ಓಡಾಡಿದವಳ ಸರಾಸರಿ 150. ಸದಾ 150ರಲ್ಲಿ ಕೂತಿದ್ದವಳದೂ 150. ‘ತುಂಬಾ ಚೆನ್ನಾಗಿ ಮೇಂಟೇನ್ ಮಾಡಿದೀರಮ್ಮ’ ಎಂಬ ಪ್ರಶಸ್ತಿ ಇಬ್ಬರಿಗೂ ಸಲ್ಲುತ್ತದೆ.

ಪೂರ್ವಸೂರಿಗಳನ್ನು ನೆನೆಯದೆ ಪ್ರಬಂಧ ಪ್ರೌಢವಾಗದು. ಸುಶ್ರುತಸಂಹಿತೆ ಪ್ರಮೇಹದಲ್ಲಿ ಎರಡು ಬಗೆ ಹೇಳುತ್ತದೆ: ಹುಟ್ಟಿನೊಂದಿಗೆ ಬಂದದ್ದು, ಅಪಥ್ಯದಿಂದ ಬಂದದ್ದು. ಮೊದಲನೆಯದೇ ಇಂದಿನ ಟೈಪ್ ಒನ್ ಎಂದು ಸಾಧಿಸುವ ಸಾಹಸಕ್ಕೆ ಈ ಪ್ರಬಂಧ ಹೋಗುವುದಿಲ್ಲ. ಆದರೆ ನಮ್ಮ ಬಂಧುವರ್ಗ ಎರಡನೆಯ ಬಗೆಯನ್ನು ಮಾತ್ರ ಓದಿಕೊಂಡಿದೆ ಎಂಬುದು ನಿಸ್ಸಂಶಯ: “ಚಿಕ್ಕೋಳಿದ್ದಾಗ ಚಾಕ್ಲೆಟ್ ಜಾಸ್ತಿ ತಿಂತಿದ್ಲು ಅನ್ಸತ್ತೆ.” 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಕೊಂಡರು, ಮುಂದಿನ ಜನವರಿಯಲ್ಲಿ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಚುಚ್ಚುಮದ್ದು ಬಿತ್ತು. ಅದಕ್ಕೆ ಮುಂಚೆ ಈ ಕಾಯಿಲೆಯ ಮಕ್ಕಳು ಬದುಕುತ್ತಿರಲಿಲ್ಲ. ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14 ಈಗ ವಿಶ್ವ ಮಧುಮೇಹ ದಿನ. ಅದೇ ದಿನ ನೆಹರೂ ಕೂಡ ಹುಟ್ಟಿದ್ದರಿಂದ ನಮ್ಮ ಶಾಲೆಗಳಲ್ಲಿ ಅಂದು ಮಕ್ಕಳಿಗೆ ಲಾಡು ಹಂಚುತ್ತಾರೆ.

ಅರ್ವಾಚೀನ ದರ್ಶನಗಳಲ್ಲಿ ಮೂರು ಪ್ರಬಲ. ಬೆಲ್ಲ ಸಕ್ಕರೆಯಲ್ಲವೆಂಬ ದ್ವೈತಿಗಳು. ಬೆಲ್ಲದಲ್ಲಿಯೂ ಮುಖ್ಯವಾಗಿ ಇರುವುದು ಸುಕ್ರೋಸೇ ಎಂದರೆ ಇವರು ಎದ್ದುಹೋಗುತ್ತಾರೆ. ಮುದ್ದೆಯಲ್ಲಿ ಶುಗರ್ ಇಲ್ಲವೆನ್ನುವ ರಾಗಿವಾದಿಗಳು. 100 ಗ್ರಾಂ ರಾಗಿಹಿಟ್ಟಿನಲ್ಲಿ 65 ಗ್ರಾಮಿಗೂ ಮೀರಿದ ಪಿಷ್ಟವಿದೆಯೆಂಬ ಪುರಾವೆ ಅವರನ್ನು ಅಲುಗಿಸಿಲ್ಲ. ಮೂರನೆಯದು ಹಾಗಲ ಸಂಪ್ರದಾಯ. ಇದರ ಪೀಠಾಧಿಪತಿ ಪ್ರಬಂಧಕರ್ತ್ರಿಯ ದೊಡ್ಡಮ್ಮ.

ಈ ಸಂಪ್ರದಾಯದ ಸತ್ಯಾಸತ್ಯತೆಯನ್ನು ಒಂದು ಮದುವೆ ಊಟದಲ್ಲಿ ಪರೀಕ್ಷಿಸುವ ಅವಕಾಶ ತಾನಾಗಿ ಒದಗಿತು. ಊಟಕ್ಕೆ 10-15 ನಿಮಿಷ ಮುಂಚೆ ಇನ್ಸುಲಿನ್ ತೆಗೆದುಕೊಳ್ಳಬೇಕು. ಆದರೆ ಪಂಕ್ತಿಯಲ್ಲಿ ಊಟ ಆರಂಭವಾಗುವುದು ಯಾವಾಗ? ಎಲೆ ಹಾಕಿದಾಗಲೇ, ನೀರು ಚಿಮುಕಿಸಿದಾಗಲೇ, ಕೋಸಂಬರಿ ಬಂದಾಗಲೇ? ಪ್ರಬಂಧಕರ್ತ್ರಿ ಕೋಸಂಬರಿಯ ಪಕ್ಷ ಹಿಡಿದು, ಸೆರಗಿನ ಮರೆಯಲ್ಲಿ ಪೆನ್ನು ಒತ್ತಿದಳು. ಪಲ್ಯಗಳು ಬಂದವು. ಅನ್ನ ಬಂತು. ತುಪ್ಪ ಬರಲಿಲ್ಲ. ತುಪ್ಪ ಬೀಳದೆ, ಹಿರಿಯರು ಕೈಯಿಡದೆ ಯಾರೂ ಉಣ್ಣುವಂತಿಲ್ಲ. ಹಿರಿಯರು ವೀಡಿಯೋದವನಿಗೆ ಮುಖ ಕೊಟ್ಟು ಕೂತಿದ್ದರು. ಮೀಟರು 62 ಎಂದಿತು. ಪಕ್ಕದಲ್ಲಿ ಪಾನಕದ ಲೋಟವಿತ್ತು. ತುಟಿಗೆ ತಾಗುವಷ್ಟರಲ್ಲಿ ದೊಡ್ಡಮ್ಮ ಕಿತ್ತುಕೊಂಡರು. “ಏನೇ ಇದು, ಶುಗರ್ ಇಟ್ಕೊಂಡು ಪಾನಕ ಕುಡೀತೀಯಾ! ಏಯ್ ಭಟ್ರೇ, ಇವಳಿಗೆ ಹಾಗಲಕಾಯಿ ಗೊಜ್ಜು ಹಾಕಿ. ಇನ್ನೊಂಚೂರು ಹಾಕಿ.”

ಹಾಗಲದ ಕಹಿ ಮುಚ್ಚಲು ಗೊಜ್ಜಿಗೆ ಎಷ್ಟು ಬೆಲ್ಲ ಸುರಿಯುತ್ತಾರೆಂದು ತಿಳಿದಿದ್ದ ಪ್ರಬಂಧಕರ್ತ್ರಿ ವಾದಕ್ಕಿಳಿಯದೆ, ಹಿರಿಯರನ್ನೂ ತುಪ್ಪವನ್ನೂ ಕಾಯದೆ, ಎರಡು ಸೌಟು ಗೊಜ್ಜನ್ನು ಬರಿಗೊಜ್ಜಾಗಿಯೇ ತಿಂದಳು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಮೀಟರು 104 ತೋರಿಸಿತು. ದೊಡ್ಡಮ್ಮ ಕನ್ನಡಕ ಏರಿಸಿ ಅದನ್ನು ಓದಿದರು, ಆಮೇಲೆ ಎದುರು ಸಾಲಿಗೂ ಕೇಳುವಂತೆ ಹೇಳಿದರು: “ನೋಡಿ, ಹಾಗಲಕಾಯಿ ಹೊಟ್ಟೆಗೆ ಬಿದ್ದ ತಕ್ಷಣ ನಾರ್ಮಲ್‌ಗೆ ಬಂತು!” ಎರಡನೆಯ ಪಂಕ್ತಿಗೆ ಗೊಜ್ಜು ಉಳಿಯಲಿಲ್ಲ.